ಬಿಳಿ ಬೂಷ್ಟು

ಏಪ್ರಿಲ್ 11

ತಂಗಿಗೆ,

ನೀನು ಈಗ ಎಲ್ಲಿ ವಾಸವಾಗಿದ್ದೀಯೋ ಸರಿಯಾಗಿ ಗೊತ್ತಿಲ್ಲ. ಅದಕ್ಕೇ ಈ ಪತ್ರವನ್ನು ನೀನು ಕೆಲಸ ಮಾಡುವ ಘಟಕಕ್ಕೆ ಹಾಕುತ್ತಿದ್ದೇನೆ. ವಿಳಾಸ ಸಿಕ್ಕಿದ್ದು ಔಷಧಿಯ ಪೊಟ್ಟಣದ ಮೇಲೆ. ಒಳಗೆ ಒಂದು ಚೀಟಿ ಇತ್ತು. ‘ಗುಣಪರೀಕ್ಷೆ ಮಾಡಿದವರು’ ಎಂಬಲ್ಲಿ ಒಂದು ಸಹಿ. ಕೊನೆಯ ಅಕ್ಷರದ ಬಾಲವನ್ನು ಕೆಳಗಿನ ಗೆರೆ ದಾಟುವ ತನಕ ಎಳೆಯುವವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಆ ಬಾಲಕ್ಕಾಗಿ ನೀನು ಮೂರನೇ ಕ್ಲಾಸಿನಲ್ಲಿ ಪೆಟ್ಟು ತಿಂದಿದ್ದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಬೆಣ್ಣೆಹಣ್ಣಿನ ತೋಟಕ್ಕೆ ಸೊರಗು ರೋಗ ಬಂದಿದೆ. ಅದೊಂದು ಬೂಷ್ಟಿನ ರೋಗ, ಎಳ್ಳಿನ ಕಾಳಿನಷ್ಟು ದೊಡ್ಡ ದುಂಬಿ ಅದನ್ನು ತರುತ್ತದಂತೆ. ಮೊದಲು ತೊಗಟೆಯ ಮೇಲೆ ಹಲ್ಲುಕಡ್ಡಿ ಚುಚ್ಚಿದ ಹಾಗೆ ಮರದ ಹಿಟ್ಟು ಹೊರಗೆ ನಿಂತಿರುತ್ತದೆ. ಆಮೇಲೆ ಒಂದು ಕೊಂಬೆಯ ಎಲೆ ಬಾಡುತ್ತದೆ. ಒಂದು ತಿಂಗಳಲ್ಲಿ ಇಡೀ ಮರ ಒಣಗುತ್ತದೆ. ಒಣಗಿದ ಎಲೆ ಉದುರುವುದಿಲ್ಲ, ಹಾಗೇ ತೂಗಾಡುತ್ತಿರುತ್ತದೆ. ಮುನ್ನೂರ ನಲವತ್ತು ಮರಗಳಲ್ಲಿ ಇಪ್ಪತ್ತೈದನ್ನು ಬುಡಸಮೇತ ಕಿತ್ತು ಸುಟ್ಟಾಯಿತು.

ಸರ್ಕಾರದ ಕಡೆಯಿಂದ ಒಬ್ಬ ಇನ್‌ಸ್ಪೆಕ್ಟರಮ್ಮ ಬರುತ್ತಾರೆ. ವಿಷದ ಔಷಧಿ ಬೇಡ, ಅದು ಕಾಂಡದೊಳಗೆ ಸೇರಿಕೊಂಡ ದುಂಬಿಗೆ ತಗಲುವುದೇ ಇಲ್ಲ, ಇದನ್ನು ಹೊಡೆಯಿರಿ ಎಂದು ನಿಮ್ಮ ಪೊಟ್ಟಣಗಳನ್ನು ಕೊಟ್ಟರು. ಎರಡು ಸಲ ಹೊಡೆದೆ. ಏನೂ ಆಗಲಿಲ್ಲ. ಎರಡನೇ ಸಲ ಹೊಡೆದ ಮೇಲೂ ಆರು ಮರ ಹೋದವು. ಮೇ ತಿಂಗಳಲ್ಲಿ ಮೂರನೆಯದನ್ನು ಹೊಡೆಯಬೇಕು. ಆ ದಿನದಿಂದ ನಲವತ್ತೈದು ದಿನದೊಳಗೆ ಹೊಸದಾಗಿ ಒಂದೇ ಒಂದು ಮರ ಬಾಡಿದರೂ ಇಡೀ ತೋಟವನ್ನು ಕೀಳಿಸಬೇಕು ಎಂದು ಬರೆದುಕೊಟ್ಟಿದ್ದಾರೆ. ಸುತ್ತ ಏಳು ತೋಟಗಳಿವೆ, ಅವನ್ನು ಉಳಿಸಬೇಕಲ್ಲ.

ನಾನು ಕೇಳುವುದು ಇಷ್ಟೇ. ನೀನು ಸಹಿ ಹಾಕಿದ ಔಷಧಿ ಸರಿಯಾಗಿದೆಯೇ?

ಫೋನ್ ಮಾಡಬೇಡ. ನನಗೆ ಕಿವಿ ಈಗ ಪೂರ್ತಿ ಹೋಗಿದೆ. ಇಪ್ಪತ್ತೆರಡು ವರ್ಷ ಬೆನ್ನಿಗೆ ಸಿಂಪಡಿಸುವ ಯಂತ್ರ ಕಟ್ಟಿಕೊಂಡು ತಿರುಗಿದ್ದರ ಫಲ. ಫೋನಿನ ಕೆಲಸವೆಲ್ಲ ನಿನ್ನ ಅತ್ತಿಗೆಯದಾಗಿತ್ತು.

ಇಂತಿ,
ಅಣ್ಣ


ಏಪ್ರಿಲ್ 19

ಅಣ್ಣನಿಗೆ,

ನಿಮ್ಮ ಪತ್ರ ತಲುಪಿತು.

ಒಂದು ಸಲಕ್ಕೆ ತಯಾರಾದ ಔಷಧಿಗೆ ನಾವು ಒಂದು ತಂಡ ಎನ್ನುತ್ತೇವೆ; ನಮ್ಮ ಘಟಕದಿಂದ ಹೊರಬೀಳುವ ಪ್ರತಿ ತಂಡವನ್ನೂ ಪರೀಕ್ಷೆ ಮಾಡಿಯೇ ಕಳಿಸುತ್ತೇವೆ. ಪೊಟ್ಟಣದಲ್ಲಿರುವುದು ರಾಸಾಯನಿಕವಲ್ಲ, ಜೀವ ಇರುವ ಬೂಷ್ಟು. ಅಕ್ಕಿಯ ಮೇಲೆ ಬೆಳೆಸಿ ಒಣಗಿಸಿದ ಬಿಳಿ ಪುಡಿ. ಅದರ ಬೀಜಕಣ ದುಂಬಿಯ ಮೈಗೆ ಅಂಟಿಕೊಂಡು ಮೊಳೆತು, ಒಳಗೆ ಇಳಿದು, ಐದಾರು ದಿನದಲ್ಲಿ ಅದನ್ನು ಕೊಲ್ಲುತ್ತದೆ. ಆಗಲೇ ರೋಗ ಹಿಡಿದ ಮರವನ್ನು ಅದು ವಾಸಿ ಮಾಡುವುದಿಲ್ಲ. ಹೊಸ ಮರಕ್ಕೆ ದುಂಬಿ ಹೋಗದಂತೆ ತಡೆಯುತ್ತದೆ, ಅಷ್ಟೇ. ನೂರು ಬೀಜಕಣಗಳಲ್ಲಿ ಕನಿಷ್ಠ ಎಂಬತ್ತೈದು ಮೊಳೆಯದಿದ್ದರೆ ನಾವು ಆ ತಂಡವನ್ನು ಹೊರಗೆ ಬಿಡುವುದಿಲ್ಲ.

ಆದ್ದರಿಂದ ಬಳಕೆಯಲ್ಲಿ ಎಲ್ಲೋ ತಪ್ಪಾಗಿರಬೇಕು. ಬಿಸಿಲಿನಲ್ಲಿ ಹೊಡೆದರೆ ಅದು ಸಾಯುತ್ತದೆ. ಪೊಟ್ಟಣವನ್ನು ತಂಪಿನಲ್ಲಿ ಇಡದಿದ್ದರೂ ಸಾಯುತ್ತದೆ. ಪೊಟ್ಟಣ ಕೈಗೆ ಬಂದಲ್ಲಿಂದ ಯಂತ್ರವನ್ನು ಮತ್ತೆ ಒಳಗಿಡುವ ತನಕ ನೀವು ಮಾಡಿದ್ದನ್ನು ಒಂದೂ ಬಿಡದೆ ಬರೆದು ಕಳಿಸಿ. ಸಣ್ಣದು, ಇದನ್ನು ಬರೆಯುವುದೇನು ಅನ್ನಿಸಿದ್ದನ್ನೂ ಬರೆಯಿರಿ.

ಇನ್ನು ಮುಂದೆ ಕೆಳಗಿರುವ ಮನೆಯ ವಿಳಾಸಕ್ಕೇ ಬರೆಯಬಹುದು. ಮನೆ ಬದಲಿಸಿ ಒಂದು ವರ್ಷವಾಯಿತು.

ತಂಗಿ


ಏಪ್ರಿಲ್ 27

ತಂಗಿಗೆ,

ನನ್ನನ್ನು ‘ನೀವು’ ಅಂದಿದ್ದೀಯ. ನಿನಗೆ ಜಡೆ ಹಾಕಲು ಕಲಿತದ್ದು ನಾನು, ಅದೂ ಅಡ್ಡಾದಿಡ್ಡಿ. ಪತ್ರವನ್ನು ಎರಡು ಸಲ ತಿರುಗಿಸಿ ನೋಡಿದೆ, ಎಲ್ಲಾದರೂ ಕಚೇರಿಯ ಮೊಹರು ಇದೆಯೇನೋ ಎಂದು.

ಇರಲಿ. ಕೇಳಿದ್ದೀಯ, ಬರೆಯುತ್ತೇನೆ.

ಇನ್‌ಸ್ಪೆಕ್ಟರಮ್ಮ ಪೊಟ್ಟಣಗಳನ್ನು ಥರ್ಮೋಕೋಲ್ ಡಬ್ಬಿಯಲ್ಲಿ ತಂದುಕೊಟ್ಟರು. ಆಗಲೇ ಫ್ರಿಜ್ಜಿನಲ್ಲಿಟ್ಟೆ. ಹಾಲಿನ ಪಕ್ಕ. ಈಗ ಫ್ರಿಜ್ಜಿನಲ್ಲಿ ಜಾಗಕ್ಕೇನೂ ಕೊರತೆಯಿಲ್ಲ. ಹೊಡೆಯುವ ದಿನ ಸಂಜೆ ಐದು ದಾಟಲಿ ಎಂದು ಕಾಯುತ್ತೇನೆ, ಬಿಸಿಲು ಕಾಂಡದಿಂದ ಸರಿದ ಮೇಲೆಯೇ ಶುರು. ಬಾವಿಯ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಪುಡಿಯನ್ನು ಗಂಟಿಲ್ಲದಂತೆ ಕಲಸಿ, ಹಳೇ ಪಂಚೆಯಲ್ಲಿ ಸೋಸಿ ಇಪ್ಪತ್ತು ಲೀಟರಿನ ಟ್ಯಾಂಕಿಗೆ ತುಂಬುತ್ತೇನೆ. ಒಂದು ಮುಚ್ಚಳ ಸೋಪಿನ ನೀರು, ಚೀಟಿಯಲ್ಲಿ ಹೇಳಿದ ಹಾಗೆ. ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ತೊಗಟೆ ನೆನೆದು ಹನಿ ಇಳಿಯುವ ತನಕ ಹೊಡೆಯುತ್ತೇನೆ. ಎಲೆಗೆ ಹೊಡೆಯುವುದಿಲ್ಲ. ಕತ್ತಲಾಗುವ ಮುಂಚೆ ನಲವತ್ತು ಮರ ಆಗುತ್ತದೆ. ಪೂರ್ತಿ ಮುಗಿಸಲು ಎಂಟು ಸಂಜೆ ಹಿಡಿಯಿತು. ಕೊನೆಗೆ ಟ್ಯಾಂಕು ತೊಳೆದು, ನೀಲಿ ನೀರು ತುಂಬಿಸಿ ಇಡುತ್ತೇನೆ. ಮರುದಿನ ಅದನ್ನು ಚೆಲ್ಲಿ ಹೊಸದಾಗಿ ಕಲಸುತ್ತೇನೆ. ಚೀಟಿಯಲ್ಲಿ ‘ಟ್ಯಾಂಕು ಸ್ವಚ್ಛವಾಗಿರಲಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೀರಲ್ಲ. ಟ್ಯಾಂಕಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಕ್ಕದ ತೋಟದ ಮೀಸೆಯವರು ಆಗಾಗ ಬರುತ್ತಾರೆ. ಬೇರೆಯವರ ಮಾತನ್ನು ತುಟಿ ನೋಡಿ ಅರ್ಧಂಬರ್ಧ ಊಹಿಸುತ್ತೇನೆ. ಇವರ ತುಟಿಯೇ ಕಾಣುವುದಿಲ್ಲ, ಮೀಸೆ ಅಲ್ಲಾಡುವುದಷ್ಟೇ ಕಾಣುತ್ತದೆ. ಬಾಗಿಲಲ್ಲಿ ಒಂದು ಸ್ಲೇಟು ನೇತುಹಾಕಿದ್ದೇನೆ, ಅದರಲ್ಲಿ ಬರೆಯುತ್ತಾರೆ. ಮೊನ್ನೆ “ಬೂಷ್ಟು ಬಂದ ಮರಕ್ಕೆ ಬೂಷ್ಟೇ ಬಳೀತಿದ್ದೀರಲ್ಲ, ತಲೆ ಸರಿ ಇದೆಯಾ?” ಎಂದು ಬರೆದರು. ತಂಗಿಯ ಕೈಕೆಲಸ ಅದು ಎಂದೆ. ಸ್ಲೇಟು ಒರೆಸಿ “ಹಂಗಿದ್ರೆ ಸರಿ” ಎಂದು ಬರೆದರು.

ದಿನ ಹೋಗುತ್ತದೆ. ಮರಗಳ ಮೇಲೆ ನಿನ್ನ ಅತ್ತಿಗೆ ಬಿಳಿ ಬಣ್ಣದಲ್ಲಿ ಬರೆದ ಸಂಖ್ಯೆಗಳಿವೆ. ಬೆಳಿಗ್ಗೆ ಒಂದರಿಂದ ಶುರುಮಾಡಿ ಸಾಲಾಗಿ ನೋಡಿಕೊಂಡು ಹೋಗುತ್ತೇನೆ. ಕಿತ್ತ ಜಾಗ ಬಂದಾಗಲೂ ಬಾಯಲ್ಲಿ ಆ ಸಂಖ್ಯೆ ಬಂದುಬಿಡುತ್ತದೆ.

ಜನವರಿಯಲ್ಲಿ ನಾನು ನಿನಗೆ ಪತ್ರ ಹಾಕಿದ್ದೆ. ಅದು ಬಿಡು.

ಅಣ್ಣ


ಮೇ 3

ಅಣ್ಣಾ,

ನೀಲಿ ನೀರು!

ಆ ಸಾಲು ಓದಿ ನಾನು ಊಟದ ತಟ್ಟೆ ಬಿಟ್ಟು ಎದ್ದೆ. ಅಪ್ಪನ ನೀಲಿ ನೀರು. ಮೈಲುತುತ್ತದ ಹರಳನ್ನು ಬಿಸಿನೀರಿನಲ್ಲಿ ಕರಗಿಸಿ ಟ್ಯಾಂಕಿಗೆ ಸುರಿದು, “ಈಗ ಬೂಷ್ಟಿನ ಅಪ್ಪ ಬಂದ್ರೂ ಇಲ್ಲಿ ಹುಟ್ಟೋಕಾಗಲ್ಲ” ಅನ್ನುತ್ತಿದ್ದರಲ್ಲ? ಸರಿಯಾಗಿಯೇ ಹೇಳುತ್ತಿದ್ದರು. ನಮ್ಮ ಔಷಧಿಯೇ ಬೂಷ್ಟು ಅಣ್ಣಾ. ನೀನು ಚೆಲ್ಲಿದ ಮೇಲೂ ಟ್ಯಾಂಕಿನ ಗೋಡೆಯಲ್ಲಿ, ಪೈಪಿನಲ್ಲಿ, ಮೂತಿಯಲ್ಲಿ ತುತ್ತದ ನೀರು ಉಳಿದಿರುತ್ತದೆ. ಎರಡು ಸಲವೂ ಎಂಟೆಂಟು ಸಂಜೆ ಪುಡಿಯನ್ನು ಅದರೊಳಗೆ ಹಾಕಿ ಕೊಂದು, ಆಮೇಲೆ ಮರಕ್ಕೆ ಹೊಡೆದಿದ್ದೀಯ.

ತಪ್ಪು ನಿನ್ನದೊಬ್ಬನದೇ ಅಲ್ಲ. ಆ ಚೀಟಿ ಬರೆದವಳು ನಾನು. ‘ಟ್ಯಾಂಕು ಸ್ವಚ್ಛವಾಗಿರಲಿ’ ಎಂದೆ. ಬೇರೆ ಮನೆಗಳಲ್ಲಿ ಸ್ವಚ್ಛ ಅಂದರೆ ಬರೀ ನೀರಿನಲ್ಲಿ ತೊಳೆದದ್ದು. ನಮ್ಮ ಮನೆಯಲ್ಲಿ ಮಾತ್ರ ಸ್ವಚ್ಛ ಅಂದರೆ ನೀಲಿ. ಅದು ನನಗೆ ಗೊತ್ತಿರಬೇಕಿತ್ತು. ಚಿಕ್ಕವಳಿದ್ದಾಗ ಹರಳು ಕುಟ್ಟಿಕೊಟ್ಟವಳೇ ನಾನು.

ಆ ಯಂತ್ರವನ್ನು ಇನ್ನು ಇದಕ್ಕೆ ಮುಟ್ಟಬೇಡ. ಹೊಸದು ತಾ. ಬರೀ ನೀರಿನಲ್ಲಿ ತೊಳೆ. ಬಕೆಟ್ಟು, ಸೋಸುವ ಬಟ್ಟೆ ಎಲ್ಲವೂ ಬೇರೆಯಾಗಿರಲಿ. ನಿನ್ನ ಹತ್ತಿರ ಉಳಿದಿರುವ ಪೊಟ್ಟಣಗಳ ಚೀಟಿಯಲ್ಲಿ ಪರೀಕ್ಷೆಯ ತಾರೀಕು ಏನಿದೆ ಎಂದೂ ಬರೆ. ನಮ್ಮಲ್ಲಿ ದಾಖಲೆಗೆ ಬೇಕು.

ಇನ್ನೊಂದು ಮಾತು. ‘ಅದು ಬಿಡು’ ಅಂದಿದ್ದೀಯ. ಬಿಡಲು ಆಗುತ್ತಿಲ್ಲ. ನಿನ್ನ ಪತ್ರ ಹಳೆಯ ವಿಳಾಸಕ್ಕೆ ಹೋಗಿ, ಅಲ್ಲಿಂದ ಯಾರೋ ತಿದ್ದಿ ಕಳಿಸಿ, ನನ್ನ ಕೈಗೆ ಬರುವಾಗ ಅತ್ತಿಗೆ ಹೋಗಿ ಒಂಬತ್ತು ದಿನವಾಗಿತ್ತು. ನನಗೆ ಊಟ ಹಾಕಿ ಬೆಳೆಸಿದವರು ಅವರು. ಒಂಬತ್ತು ದಿನ ನಾನು ಏನೂ ತಿಳಿಯದೆ ಕೆಲಸಕ್ಕೆ ಹೋಗಿ ಬಂದಿದ್ದೆ. ಆಮೇಲೆ ಬಂದು ಏನು ಮಾಡಲಿ, ಯಾವ ಮುಖ ಇಟ್ಟುಕೊಂಡು ಬರಲಿ ಅನ್ನಿಸಿತು. ಮೀಸೆಯವರ ಕೈಲಾದರೂ ಒಂದು ಫೋನ್ ಮಾಡಿಸಲು ಆಗಲಿಲ್ಲವಾ ಅಣ್ಣಾ? ನನಗೆ ಬೇಕಂತಲೇ ಹೇಳಿಲ್ಲ ಎಂದುಕೊಂಡು ಈ ನಾಲ್ಕು ತಿಂಗಳು ಕಳೆದಿದ್ದೇನೆ.

ತಂಗಿ


ಮೇ 10

ಕಡ್ಡಿಗೆ,

ಆ ಹೆಸರಿನಲ್ಲಿ ಕರೆದರೆ ನಿನಗೆ ಸಿಟ್ಟು ಬರುತ್ತಿತ್ತು. ಈಗಲೂ ಸಣ್ಣಗೇ ಇದ್ದೀಯೋ ದಪ್ಪ ಆಗಿದ್ದೀಯೋ ಗೊತ್ತಿಲ್ಲ. ದುಂಬಿ ಹೊರಗೆ ತಳ್ಳುವ ಹಿಟ್ಟಿಗೂ ಇಲ್ಲಿನವರು ಕಡ್ಡಿ ಎಂದೇ ಹೇಳುವುದು. “ಇವತ್ತು ಎಷ್ಟು ಕಡ್ಡಿ ಸಿಕ್ತು?” ಎಂದು ಮೀಸೆಯವರು ಬರೆದಾಗಲೆಲ್ಲ ನೀನೇ ನೆನಪಾಗುತ್ತಿದ್ದೆ.

ನೀಲಿ ನೀರಿನ ವಿಷಯ ಓದಿದೆ. ಆಮೇಲೆ ಆ ಟ್ಯಾಂಕನ್ನು ಶೆಡ್ಡಿನಿಂದ ತೆಗೆದು ಹೊರಗಿಟ್ಟೆ. ಒಳಗೆ ಫಳಫಳ ಹೊಳೆಯುತ್ತಿತ್ತು. ನನ್ನ ಆಯುಷ್ಯದಲ್ಲಿ ನಾನು ತಪ್ಪದೆ ಮಾಡಿದ ಕೆಲಸ ಅದೊಂದೇ.

ಹೊಸ ಯಂತ್ರಗಳನ್ನೇ ತಂದೆ. ಮೊದಲ ಎರಡು ಸಲ ಎಂಟು ಸಂಜೆ ಹಿಡಿದಿದ್ದನ್ನು ಈ ಸಲ ಮೀಸೆಯವರೂ ಅವರ ಇಬ್ಬರು ಕೆಲಸದವರೂ ಕೈಹಾಕಿದ್ದರಿಂದ ಎರಡೇ ಸಂಜೆಯಲ್ಲಿ ಮುಗಿಸಿದೆವು. ಮೇ 8ಕ್ಕೆ ಮುಗಿಯಿತು. ಇನ್‌ಸ್ಪೆಕ್ಟರಮ್ಮ ಬಂದು ದಾಖಲೆ ಬರೆದುಕೊಂಡು ಹೋದರು. ಜೂನ್ 22ರ ತನಕ ನೋಡಬೇಕು. ಮೊದಲ ಪತ್ರ ಬರೆದ ಮೇಲೆ ಇನ್ನೂ ಒಂಬತ್ತು ಮರ ಕಿತ್ತಾಯಿತು, ಉಳಿದಿರುವುದು ಮುನ್ನೂರ ಆರು ಮರ. ಈಗ ಅವುಗಳಲ್ಲಿ ಒಂದರಲ್ಲೂ ಬಾಡಿದ ಎಲೆಯಿಲ್ಲ.

ಚೀಟಿಯ ತಾರೀಕು ಕೇಳಿದ್ದೆಯಲ್ಲ. ಎಲ್ಲ ಪೊಟ್ಟಣದಲ್ಲೂ ಒಂದೇ, ಜನವರಿ 18.

ಫೋನಿನ ಮಾತು. ನಾನೇ ಮಾಡಿದ್ದೆ. ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿದ್ದ ನಿನ್ನ ನಂಬರನ್ನು ಒತ್ತಿ ಕಿವಿಗಿಟ್ಟುಕೊಂಡೆ. ಆ ಕಡೆ ಯಾರಾದರೂ ಎತ್ತಿದರೋ ಇಲ್ಲವೋ ನನಗೆ ತಿಳಿಯುವುದು ಹೇಗೆ? ಎತ್ತಿದ್ದಾರೆ ಎಂದುಕೊಂಡು ಹೇಳಿದೆ. ಅತ್ತಿಗೆ ಹೋದಳು, ಬಾ ಅಂದೆ. ಸ್ವಲ್ಪ ಬಿಟ್ಟು ಇನ್ನೊಂದು ಸಲ, ಆಮೇಲೆ ಇನ್ನೊಂದು ಸಲ. ಮೂರು ಸಲ ಹೇಳಿ ಇಟ್ಟೆ. ಕೂಡಿದ್ದ ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ನೀನು ಕೇಳಿಸಿಕೊಂಡಿದ್ದೀಯ ಎಂದೇ ನಂಬಿದ್ದೆ. ನೀನು ಬರಲಿಲ್ಲ. ಆಮೇಲೆ ಯಾತಕ್ಕೂ ಇರಲಿ ಎಂದು ಪತ್ರವನ್ನೂ ಹಾಕಿದೆ.

ನಂಬರ್ ಬದಲಾಗಿತ್ತು ಅಲ್ಲವೇ? ಹೊಸದು ನಿನ್ನ ಅತ್ತಿಗೆಯ ಫೋನಿನಲ್ಲಿ ಇದ್ದಿರಬೇಕು. ಅದನ್ನು ತೆರೆಯುವುದು ಹೇಗೆ ಎಂದು ನನಗೆ ಇವತ್ತಿಗೂ ಬಾರದು.

ಅಣ್ಣ


ಮೇ 21

ಅಣ್ಣಾ,

ಉತ್ತರ ತಡವಾಯಿತು. ಒಂದು ಕೆಲಸ ಮುಗಿಯದೆ ಬರೆಯುವಂತಿರಲಿಲ್ಲ.

ಹೌದು, ನಂಬರ್ ಬದಲಾಗಿತ್ತು. ಆ ಹಳೆಯ ನಂಬರ್ ಈಗ ಯಾರ ಹತ್ತಿರ ಇದೆಯೋ, ಅವತ್ತು ಯಾರು ಎತ್ತಿದರೋ ನನಗೆ ತಿಳಿಯದು. ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ. ಈಗ ಬರೆಯಬೇಕಾದದ್ದು ಬೇರೆ.

ಜನವರಿ 18. ತಾರೀಕು ನೋಡಿದ ತಕ್ಷಣ ಗೊತ್ತಾಯಿತು.

ನಮ್ಮ ಪರೀಕ್ಷೆ ಹೀಗಿರುತ್ತದೆ. ಹಿಂದಿನ ದಿನ ಮಧ್ಯಾಹ್ನ ಬೀಜಕಣಗಳನ್ನು ಗಾಜಿನ ತಟ್ಟೆಯ ಮೇಲೆ ಹರಡಿ ಇಡುತ್ತೇನೆ. ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಡಿ ನೂರು ಕಣ ಎಣಿಸಿ, ಎಷ್ಟಕ್ಕೆ ಬಾಲ ಮೂಡಿದೆ ಎಂದು ಬರೆಯುತ್ತೇನೆ. ಹಾಗೆ ಮೂರು ತಟ್ಟೆ. ಅರ್ಧ ಗಂಟೆಯ ಕೆಲಸ. ಜನವರಿ 18ರ ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಂಚೆಯವನು ಎದುರಾದ. ನಿನ್ನ ಪತ್ರವನ್ನು ಬಸ್ಸಿನಲ್ಲಿ ಒಡೆದು ಓದಿದೆ. ಕೆಲಸಕ್ಕೆ ಹೋಗಿ ಕೋಟು ಹಾಕಿಕೊಂಡು ಕೂತೆ. ಕಣ್ಣಿಟ್ಟು ನೋಡಿದೆ, ಏನೂ ಕಾಣಲಿಲ್ಲ. ಒರೆಸಿಕೊಂಡು ಮತ್ತೆ ನೋಡಿದೆ. ಹೊರಗೆ ಲಾರಿ ಬಂದು ನಿಂತಿತ್ತು. ತೊಂಬತ್ತೆರಡು ಎಂದು ಬರೆದು ಸಹಿ ಹಾಕಿದೆ. ನಮ್ಮ ತಂಡಗಳು ಸಾಮಾನ್ಯವಾಗಿ ತೊಂಬತ್ತರ ಮೇಲೇ ಬರುತ್ತವೆ. ಇದೂ ಬಂದಿರುತ್ತದೆ ಎಂದುಕೊಂಡೆ. ಎಣಿಸಲಿಲ್ಲ ಅಣ್ಣಾ.

ಪ್ರತಿ ತಂಡದ ಒಂದು ಶೀಶೆಯನ್ನು ನಾವು ತಂಪುಪೆಟ್ಟಿಗೆಯಲ್ಲಿ ಉಳಿಸಿಕೊಂಡಿರುತ್ತೇವೆ. ನಿನ್ನ ಪತ್ರ ಬಂದ ಮರುದಿನ ಅದನ್ನು ತೆಗೆದು ಪರೀಕ್ಷೆಗಿಟ್ಟೆ. ಮೂವತ್ತನಾಲ್ಕು. ನಂಬದೆ ಇನ್ನೆರಡು ಸಲ ಮಾಡಿದೆ. ಅದೇ ವಾರದ ಬೇರೆ ತಂಡಗಳು ಈಗಲೂ ಎಂಬತ್ತರ ಮೇಲಿವೆ. ಅಂದರೆ ಇದು ಹುಟ್ಟುವಾಗಲೇ ಕೆಟ್ಟಿತ್ತು. ಒಣಗಿಸುವ ಯಂತ್ರದ ಬಿಸಿ ಆ ದಿನ ಏರಿರಬೇಕು. ಅದನ್ನು ಹಿಡಿಯುವುದಕ್ಕೇ ನನ್ನನ್ನು ಅಲ್ಲಿ ಕೂರಿಸಿದ್ದು.

ನಿನಗೆ ನಾನು ಏನೆಂದು ಬರೆದೆ? ‘ಬಳಕೆಯಲ್ಲಿ ಎಲ್ಲೋ ತಪ್ಪಾಗಿರಬೇಕು.’ ನೀಲಿ ನೀರು ಸಿಕ್ಕಾಗ ಎಷ್ಟು ಖುಷಿಪಟ್ಟೆ! ಮೇ 8ರಂದು ನೀವು ನಾಲ್ಕು ಜನ ಸೇರಿ ಹೊಸ ಟ್ಯಾಂಕಿನಲ್ಲಿ ಹೊಡೆದದ್ದೂ ಇದೇ ತಂಡ.

ನಮ್ಮ ಮೇಲ್ವಿಚಾರಕರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ಇಷ್ಟು ದಿನ ಆದ್ಮೇಲೆ ಯಾಕಮ್ಮ ಬಾಯಿ ಬಿಟ್ಟೆ? ಯಾರೂ ಕೇಳಿರ್ಲಿಲ್ವಲ್ಲ” ಎಂದರು. ಆ ತಂಡ ಹನ್ನೊಂದು ತೋಟಕ್ಕೆ ಹೋಗಿದೆ. ಎಲ್ಲರಿಗೂ ತಿಳಿಸಿ ಬದಲಿ ಔಷಧಿ ಕಳಿಸುತ್ತಿದ್ದಾರೆ. ನನ್ನನ್ನು ಪರೀಕ್ಷೆಯಿಂದ ತೆಗೆದು ಅಕ್ಕಿ ಬೇಯಿಸುವ ಕೋಣೆಗೆ ಹಾಕಿದ್ದಾರೆ. ಬೂಷ್ಟಿಗೆ ಊಟ ಬೇಯಿಸುವ ಕೆಲಸ. ಕೆಲಸದಿಂದಲೇ ತೆಗೆಯಲಿಲ್ಲ, ಅದೇ ದೊಡ್ಡದು.

ನಿನ್ನ ನಲವತ್ತೈದು ದಿನವನ್ನು ಹೊಸ ಔಷಧಿ ಹೊಡೆದ ದಿನದಿಂದ ಎಣಿಸಿ ಎಂದು ಕಾಗದ ಬರೆಸಿದೆ. ಆಗುವುದಿಲ್ಲವಂತೆ. ಔಷಧಿ ಯಾವುದಾದರೇನು, ಸುತ್ತಲಿನ ತೋಟಗಳು ಕಾಯುತ್ತಿರುವುದು ಅಷ್ಟೇ ದಿನ ಎಂದರು. ಅವರ ಮಾತೂ ಸುಳ್ಳಲ್ಲ.

ಹೊಸ ಪೊಟ್ಟಣ ಎರಡು ಮೂರು ದಿನದಲ್ಲಿ ಬರುತ್ತದೆ. ಅದನ್ನು ಎಣಿಸಿದ್ದು ನಾನಲ್ಲ. ಆದರೆ ಪಕ್ಕದಲ್ಲಿ ನಿಂತು ನೋಡಿದ್ದೇನೆ. ತೊಂಬತ್ತೊಂದು ಇದೆ. ಬಂದ ಸಂಜೆಯೇ ಹೊಡೆದುಬಿಡು.

ಇದಕ್ಕೆ ನೀನು ಉತ್ತರ ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ.

ನಿನ್ನ ತಂಗಿ


ಜೂನ್ 2

ಕಡ್ಡಿಗೆ,

ಹೊಸ ಔಷಧಿಯನ್ನು ಮೇ 24, 25ರಂದು ಹೊಡೆದೆವು. ಮೊದಲು ಆ ಸುದ್ದಿ.

ಎರಡನೆಯದು, ನಿನ್ನೆ ಮರ ನಂಬರ್ 88ರ ತೊಗಟೆಯಲ್ಲಿ ಒಂದು ದುಂಬಿ ಕಂಡಿತು. ಅಲ್ಲಾಡಲಿಲ್ಲ. ಚಾಕುವಿನ ತುದಿಯಲ್ಲಿ ಎಬ್ಬಿಸಿ ಭೂತಗನ್ನಡಿಯಲ್ಲಿ ನೋಡಿದೆ. ಮೈಯ ಸಂದುಸಂದಿನಿಂದ ಬಿಳಿ ಹೊರಬಂದಿದೆ, ಹತ್ತಿಯಲ್ಲಿ ಹೊರಳಿಸಿದ ಹಾಗೆ. ಮೀಸೆಯವರನ್ನು ಕರೆದು ತೋರಿಸಿದೆ. “ಇದಕ್ಕೂ ನರೆ ಬಂತು ನೋಡಿ” ಎಂದು ಬರೆದರು. ಅವರು ನಗುವಾಗ ಮೀಸೆ ಎರಡೂ ಕಡೆ ಏರುತ್ತದೆ, ಅದು ಮಾತ್ರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಇದರ ಜೊತೆ ಕಳಿಸುತ್ತಿದ್ದೇನೆ. ಇದು ನಿಮ್ಮ ಬೂಷ್ಟೇ ಹೌದೋ ನೋಡಿ ಹೇಳು.

ನಿನ್ನ ಪತ್ರವನ್ನು ಓದಿದೆ. ಒಂದು ದಿನ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಬಂತು. ಕಿತ್ತ ಗುಂಡಿಗಳ ಮುಂದೆ ನಿಂತು ನಿನ್ನನ್ನು ಬೈದೆ. ನನ್ನ ಬೈಗುಳ ನನಗೇ ಕೇಳುವುದಿಲ್ಲವಾದ್ದರಿಂದ ಜೋರಾಗಿಯೇ ಬೈದಿರಬೇಕು, ಮೀಸೆಯವರು ಓಡಿಬಂದರು. ಆಮೇಲೆ ಯೋಚಿಸಿದೆ. ಔಷಧಿ ಚೆನ್ನಾಗಿದ್ದಿದ್ದರೂ ಮೊದಲೆರಡು ಸಲ ನನ್ನ ಟ್ಯಾಂಕು ಅದನ್ನು ಬಿಡುತ್ತಿರಲಿಲ್ಲ. ಟ್ಯಾಂಕು ಸರಿಯಾದ ಮೇಲೆ ಔಷಧಿಯಲ್ಲಿ ಜೀವವಿರಲಿಲ್ಲ. ಯಾವ ಮರ ಯಾರಿಂದ ಹೋಯಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಹೇಳಿದರೂ ಕೇಳಲು ಯಾರಿದ್ದಾರೆ? ತಪ್ಪು ಹಂಚಿಕೊಳ್ಳಲಿಕ್ಕೂ ನಾವಿಬ್ಬರೇ ಉಳಿದಿರುವುದು.

ಇವತ್ತಿಗೆ ಇಪ್ಪತ್ತೈದು ದಿನ. ಎಲ್ಲ ಮರ ಹಸಿರಾಗಿದೆ.

ಅಣ್ಣ


ಜೂನ್ 9

ಅಣ್ಣಾ,

ದುಂಬಿ ಬಂತು.

ಪರೀಕ್ಷೆಯ ಕೋಣೆಗೆ ನಾನೀಗ ಹೋಗುವಂತಿಲ್ಲ. ಊಟದ ಹೊತ್ತಿನಲ್ಲಿ ನನ್ನ ಜಾಗಕ್ಕೆ ಬಂದಿರುವ ಹುಡುಗಿಯನ್ನು ಕೇಳಿಕೊಂಡೆ. ಅವಳು ನೋಡಿ, “ಅಕ್ಕಾ, ನಮ್ಮದೇ. ಬೇಕಾದ್ರೆ ನೀವೂ ಒಂದ್ಸಲ ನೋಡಿ” ಎಂದು ಎದ್ದು ಜಾಗ ಬಿಟ್ಟಳು. ನೋಡಿದೆ. ನಮ್ಮದೇ.

ಇಲ್ಲಿ ಬೇರೆ ಯಾರೂ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಕೆಟ್ಟದಾಗಿ ನಡೆದುಕೊಳ್ಳುತ್ತಾರೆ ಎಂದಲ್ಲ, ಏನು ಮಾತಾಡಬೇಕೋ ಅವರಿಗೆ ತಿಳಿಯುತ್ತಿಲ್ಲ. ಅಕ್ಕಿಯ ಕೋಣೆಯಲ್ಲಿ ಆವಿ ತುಂಬಿರುತ್ತದೆ, ದಿನಕ್ಕೆ ಅರವತ್ತು ತಟ್ಟೆ. ಸಂಜೆ ರೂಮಿಗೆ ಬಂದರೆ ಕೂದಲಲ್ಲಿ ಗಂಜಿಯ ವಾಸನೆ. ರೂಮಿನಲ್ಲಿ ಒಂದು ಮಂಚ, ಒಂದು ಕುರ್ಚಿ. ಯಾರಾದರೂ ಬಂದರೆ ನಾನು ಮಂಚದ ಮೇಲೆ ಕೂರಬೇಕು ಎಂದು ಕುರ್ಚಿ ತಂದಾಗ ಯೋಚಿಸಿದ್ದೆ. ಅದರ ಮೇಲೆ ಬಟ್ಟೆ ಬಿದ್ದಿರುತ್ತದೆ.

ಅತ್ತಿಗೆಗೆ ಕೊನೆಗೆ ಏನಾಗಿತ್ತು ಎಂದು ನೀನು ಆ ಪತ್ರದಲ್ಲೂ ಬರೆದಿರಲಿಲ್ಲ. ಬರೆಯಲಾದಾಗ ಬರೆ. ಅವಸರವಿಲ್ಲ.

ಇನ್ನು ಹದಿಮೂರು ದಿನ. ದಿನಾ ಬೆಳಿಗ್ಗೆ ಆವಿಯಲ್ಲಿ ನಿಂತು ಎಣಿಸುತ್ತೇನೆ.

ನಿನ್ನ ಕಡ್ಡಿ


ಜುಲೈ 6

ಕಡ್ಡಿಗೆ,

ನೀನು ಎರಡು ಪತ್ರ ಹಾಕಿದ್ದೀಯ, ಎರಡೂ ಬಂದಿವೆ. ಕೆಲಸ ಮುಗಿಯಲಿ ಎಂದು ಉತ್ತರಿಸಿರಲಿಲ್ಲ. ನಿನ್ನೆ ಮುಗಿಯಿತು.

ಜೂನ್ 18ರ ಬೆಳಿಗ್ಗೆ ಮರ ನಂಬರ್ 207ರಲ್ಲಿ ಒಂದು ಕೊಂಬೆ ಬಾಡಿತ್ತು. ಮೊಣಕೈ ಉದ್ದದ ಕೊಂಬೆ, ಹೆಚ್ಚೆಂದರೆ ಮೂವತ್ತು ಎಲೆ. ಚಾಕುವಿನಿಂದ ತೊಗಟೆ ಎತ್ತಿ ನೋಡಿದೆ, ಒಳಗೆ ಕಪ್ಪು ಗೆರೆ. ನಲವತ್ತೊಂದನೇ ದಿನ.

ಮೀಸೆಯವರು ಆ ಹೊತ್ತಿಗೆ ಬಂದರು. ನೋಡಿದರು. ಮನೆ ತನಕ ನಡೆದು ಸ್ಲೇಟು ತಂದರು. “ಒಂದು ಕೊಂಬೆ ತಾನೆ. ಕತ್ತರಿಸಿ ಒಲೆಗೆ ಹಾಕಿ. ಇನ್ನು ನಾಲ್ಕೇ ದಿನ. ನಾನೇನೂ ನೋಡಿಲ್ಲ” ಎಂದು ಬರೆದರು. ಬರೆದು ನನ್ನ ಮುಖ ನೋಡದೆ ನಿಂತರು. ಅವರ ಮೊದಲ ಸಾಲಿನ ಮರಗಳು ನನ್ನ ಬೇಲಿಯಿಂದ ಹನ್ನೆರಡು ಹೆಜ್ಜೆ. ನೆಲದಡಿಯಲ್ಲಿ ಬೇರುಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ, ರೋಗ ದಾಟಲು ದುಂಬಿಯೂ ಬೇಕಾಗಿಲ್ಲ ಎಂದು ಇನ್‌ಸ್ಪೆಕ್ಟರಮ್ಮ ನಮ್ಮಿಬ್ಬರ ಎದುರಿಗೇ ಬಿಡಿಸಿ ತೋರಿಸಿದ್ದರು. ಅದು ಗೊತ್ತಿದ್ದೂ ಆ ಮನುಷ್ಯ ಹಾಗೆ ಬರೆದ.

ನೀನು ಯಾರೂ ಕೇಳದಿದ್ದರೂ ಹೋಗಿ ಹೇಳಿದ್ದು ಆಗ ನೆನಪಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ, ಆಗ ಕಣ್ಣ ಮುಂದೆ ಇದ್ದದ್ದು ಆ ಹನ್ನೆರಡು ಹೆಜ್ಜೆ ಅಷ್ಟೇ. ಸ್ಲೇಟು ಒರೆಸಿ “ಇನ್‌ಸ್ಪೆಕ್ಟರಮ್ಮನಿಗೆ ಫೋನ್ ಮಾಡಿ” ಎಂದು ಬರೆದುಕೊಟ್ಟೆ. ಅವರು ಮಾಡಿದರು.

ಆಕೆ ಒಳ್ಳೆಯವರು. ಕಾಂಡವನ್ನು ಕೊರೆದು ನೋಡಿ ಬರೆದು ತಿಳಿಸಿದರು, ಈ ಮರಕ್ಕೆ ದುಂಬಿ ಹೊಕ್ಕದ್ದು ಮೇ ತಿಂಗಳ ನಡುವೆ, ಹೊಸ ಔಷಧಿ ಬರುವ ಮುಂಚೆ. ಆಮೇಲೆ ಹೊಡೆದದ್ದು ಕೆಲಸ ಮಾಡಿದೆ. ಅವರು ತೋಟದಲ್ಲಿ ಕಟ್ಟಿದ್ದ ಬಲೆಗಳಲ್ಲಿ ಬಿದ್ದ ದುಂಬಿಗಳಲ್ಲಿ ಅರ್ಧಕ್ಕರ್ಧ ಬಿಳಿಯಾಗಿದ್ದವಂತೆ. ಏಳು ತೋಟದವರೂ ಈಗ ಅದನ್ನೇ ಹೊಡೆಯುತ್ತಿದ್ದಾರೆ. ಇವತ್ತಿನವರೆಗೆ ಒಂದು ತೋಟಕ್ಕೂ ರೋಗ ಹೋಗಿಲ್ಲ. ಇದನ್ನು ನಿನ್ನ ಮೇಲ್ವಿಚಾರಕರಿಗೆ ತೋರಿಸು.

ಮೇ ನಡುವೆ ಎಂದು ಓದಿ, ಮೇ 8ರ ಔಷಧಿಯಲ್ಲಿ ಜೀವ ಇದ್ದಿದ್ದರೆ ಎಂದು ನೀನು ದಿನ ಎಣಿಸಲು ಕೂರುತ್ತೀಯ. ಬೇಡ. ನಾನು ಎಣಿಸಿ ನೋಡಿದ್ದೇನೆ, ಏನೂ ಸಿಗುವುದಿಲ್ಲ.

ಮುನ್ನೂರ ಆರು ಮರ ಕೀಳಲು ಹದಿನಾಲ್ಕು ದಿನ ಹಿಡಿಯಿತು. ಯಂತ್ರದವರು ಸಾಲು ಹಿಡಿದು ಬಂದರು. ನನಗೆ ಸದ್ದಿಲ್ಲವಲ್ಲ, ಒಂದೊಂದು ಬಿದ್ದಾಗಲೂ ಅಂಗಾಲಿಗೆ ಗೊತ್ತಾಗುತ್ತಿತ್ತು. ಹೊಗೆ ಇನ್ನೂ ಪೂರ್ತಿ ಆರಿಲ್ಲ. ಎರಡು ವರ್ಷ ಈ ನೆಲದಲ್ಲಿ ಆ ಜಾತಿಯ ಗಿಡ ಇಡುವಂತಿಲ್ಲ. ಬೇರೆ ಏನಾದರೂ ಹಾಕಬಹುದು ಎಂದು ಒಂದು ಪಟ್ಟಿ ಕೊಟ್ಟಿದ್ದಾರೆ. ಇನ್ನೂ ಓದಿಲ್ಲ.

ನಿನ್ನ ಅತ್ತಿಗೆಯ ವಿಷಯ ಕೇಳಿದ್ದೆಯಲ್ಲ. ಬೆಳಿಗ್ಗೆ ಎದ್ದಳು, ಎದೆ ಹಿಡಿದಂತಾಗುತ್ತಿದೆ ಎಂದಳು. ನಾನು ಕೆಲಸದಲ್ಲಿ ಬೆನ್ನು ಹಾಕಿ ನಿಂತಿದ್ದೆ. ಅವಳು ಎಷ್ಟು ಸಲ ಕರೆದಳೋ ತಿಳಿಯದು. ತಿರುಗಿದಾಗ ತುಟಿ ಅಲ್ಲಾಡುತ್ತಿತ್ತು. ಎದೆಯ ಆ ಮಾತೊಂದನ್ನು ಮಾತ್ರ ಓದಿಕೊಂಡೆ. ಇದನ್ನು ಮೀಸೆಯವರಿಗೂ ಹೇಳಿಲ್ಲ.

ಮರಗಳಿದ್ದಾಗ ಈ ಮನೆಯಿಂದ ಏನೂ ಕಾಣುತ್ತಿರಲಿಲ್ಲ. ಈಗ ಮುಂಬಾಗಿಲ ಮೆಟ್ಟಿಲ ಮೇಲೆ ಕೂತರೆ ದೊಡ್ಡ ರಸ್ತೆಯ ಬಸ್ ನಿಲ್ದಾಣದ ತನಕ ಬಯಲು. ಅಲ್ಲಿಂದ ಇಲ್ಲಿಗೆ ನಡೆದರೆ ಇಪ್ಪತ್ತು ನಿಮಿಷ. ದಿನಕ್ಕೆ ಎರಡು ಬಸ್ಸು, ಬೆಳಿಗ್ಗೆ ಹತ್ತಕ್ಕೊಂದು, ಮಧ್ಯಾಹ್ನ ಮೂರಕ್ಕೊಂದು. ಇಳಿದವರ ಮುಖ ಇಷ್ಟು ದೂರದಿಂದ ಕಾಣುವುದಿಲ್ಲ. ಗಂಡಸೋ ಹೆಂಗಸೋ, ಕೈಯಲ್ಲಿ ಚೀಲ ಇದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ನಿನ್ನೆ ಮೂರರ ಬಸ್ಸಿನಿಂದ ಚೀಲ ಹಿಡಿದ ಒಬ್ಬ ಹೆಂಗಸು ಇಳಿದಳು, ಸಣ್ಣಗೆ. ನಾನು ಒಳಗೆ ಹೋಗಿ ಒಲೆಯ ಮೇಲೆ ಇಬ್ಬರಿಗಾಗುವಷ್ಟು ನೀರಿಟ್ಟು ಬಂದೆ. ಬಂದು ನೋಡುವಾಗ ಅವಳು ಆ ಕಡೆಯ ದಾರಿ ಹಿಡಿದು ಹೋಗುತ್ತಿದ್ದಳು. ನೀರು ಹೇಗೂ ಕುದಿದಿತ್ತು, ಚಹಾ ಮಾಡಿ ಎರಡು ಲೋಟ ನಾನೇ ಕುಡಿದೆ.

ಅಣ್ಣ